ಮಾರುವಾಗ ಉಳಿಸಿಕೊಂಡ ಹಕ್ಕು: ವಾಷಿಂಗ್ಟನ್ ರಾಜ್ಯದ ಸಾರ್ವಜನಿಕ ಭೂಮಿಯಲ್ಲಿ ಬುಡಕಟ್ಟು ಬೇಟೆ

ಪ್ರಶ್ನೆ: ನಾನು ಹುಣಸೂರಿನ ಕಡೆಯವನು. ಎಂಟು ವರ್ಷಗಳಿಂದ ಅಮೆರಿಕದ ವಾಷಿಂಗ್ಟನ್ ರಾಜ್ಯದ ಯಾಕಿಮಾದಲ್ಲಿದ್ದೇನೆ. ಕಳೆದ ಚಳಿಗಾಲದಲ್ಲಿ ಮಕ್ಕಳಿಗೆ ಎಲ್ಕ್ ತೋರಿಸಲು ಓಕ್ ಕ್ರೀಕ್ ವನ್ಯಜೀವಿ ಪ್ರದೇಶಕ್ಕೆ ಹೋಗಿದ್ದೆವು. ರಾಜ್ಯದ ಬೇಟೆಯ ಋತು ಮುಗಿದ ಮೇಲೂ, ರಾಜ್ಯದ ಪರವಾನಗಿ ಇಲ್ಲದೆಯೂ ಬುಡಕಟ್ಟಿನವರು ಇಂಥ ಜಾಗಗಳಲ್ಲಿ ಬೇಟೆಯಾಡಬಹುದು ಎಂದು ಜೊತೆಗಿದ್ದ ಸಹೋದ್ಯೋಗಿ ಹೇಳಿದರು. ಇದು ನಿಜವೇ? ರಾಜ್ಯವು ತನ್ನ ಜಾಗಕ್ಕೆ ಗೇಟು ಹಾಕಿ ಅವರನ್ನು ತಡೆಯಲು ಬರುವುದಿಲ್ಲವೇ? ಎಲ್ಲರ ಹಣದಿಂದ ನಡೆಯುವ ಜಾಗದಲ್ಲಿ ಕೆಲವರಿಗೆ ಮಾತ್ರ ಈ ಸವಲತ್ತು ಏಕೆ? ನಮ್ಮ ಜೇನುಕುರುಬರಿಗೆ ಇಲ್ಲದ್ದು ಅವರಿಗೆ ಹೇಗೆ ಬಂತು?

ಉತ್ತರ: ನಿಮ್ಮ ಸಹೋದ್ಯೋಗಿ ಹೇಳಿದ್ದು ನಿಜ, ಆದರೆ ಪೂರ್ತಿ ನಿಜವಲ್ಲ. ಯಾವ ಬುಡಕಟ್ಟು, ಅದು ಯಾವ ಒಪ್ಪಂದಕ್ಕೆ ಸಹಿ ಹಾಕಿತ್ತು, ಎಲ್ಕ್ ಬಿದ್ದ ನೆಲ ಯಾವುದು ಎಂಬ ಮೂರನ್ನೂ ಕೇಳದೆ ಈ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂದು ಉತ್ತರಿಸಲು ಬರುವುದಿಲ್ಲ. ನೀವು ಮಕ್ಕಳನ್ನು ಕರೆದುಕೊಂಡು ಹೋದ ಓಕ್ ಕ್ರೀಕ್, ವಾಷಿಂಗ್ಟನ್ ರಾಜ್ಯದ ಮಟ್ಟಿಗೆ ಈ ವಿಷಯದ ಅತಿ ಮುಖ್ಯ ಮೊಕದ್ದಮೆ ಹುಟ್ಟಿದ ಜಾಗವೂ ಹೌದು. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಎಲ್ಕ್ ಎಂದರೆ ನಮ್ಮ ಕಡವೆಯ ಬಳಗದ, ಅದಕ್ಕಿಂತ ದೊಡ್ಡ ಮೈಕಟ್ಟಿನ ಪ್ರಾಣಿ. ಚಳಿಗಾಲದಲ್ಲಿ ಬೆಟ್ಟದ ಮೇಲೆ ಹಿಮ ಕವಿದಾಗ ಅವು ಮೇವಿಗಾಗಿ ಕೆಳಗಿನ ಕಣಿವೆಗೆ ಇಳಿಯುತ್ತವೆ. ಈಗ ಆ ಕಣಿವೆಯಲ್ಲಿರುವುದು ಸೇಬಿನ ತೋಟಗಳು. ತೋಟಗಳನ್ನು ಕಾಪಾಡಲು ಎಂಟು ಅಡಿ ಎತ್ತರದ ಬೇಲಿ ಹಾಕಲಾಗಿದೆ. ಬೇಲಿಯಾಚೆ ನಿಂತ ಹಿಂಡಿಗೆ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯ ಲಾರಿ ಒಣಹುಲ್ಲಿನ ಪಿಂಡಿ ತಂದು ಹಾಕುತ್ತದೆ. ನೀವು ನೋಡಿದ್ದು ಈ ದೃಶ್ಯವನ್ನೇ ಇರಬೇಕು. 1995ರಲ್ಲಿ ಈ ಪ್ರದೇಶದಲ್ಲಿ ಎಲ್ಕ್ ಹೊಡೆದುದಕ್ಕಾಗಿ ನೂಕ್‌ಸ್ಯಾಕ್ ಬುಡಕಟ್ಟಿನ ಸದಸ್ಯರೊಬ್ಬರ ಮೇಲೆ ರಾಜ್ಯವು ಪ್ರಕರಣ ಹೂಡಿತು. ಋತುವೂ ಮುಗಿದಿದೆ, ಜಾಗವೂ ರಾಜ್ಯದ್ದು ಎಂಬುದು ರಾಜ್ಯದ ವಾದ. ತಮ್ಮ ಹಿರಿಯರು 1855ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಬೇಟೆಯ ಹಕ್ಕು ಉಳಿದಿದೆ ಎಂಬುದು ಅವರ ಉತ್ತರ. ಈ ಪ್ರಕರಣವು ರಾಜ್ಯದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1999ರಲ್ಲಿ ‘ಸ್ಟೇಟ್ ವಿರುದ್ಧ ಬುಕ್ಯಾನನ್’ ಎಂಬ ಹೆಸರಿನಲ್ಲಿ ತೀರ್ಪಾಯಿತು. ಆ ತೀರ್ಪು ಎರಡೂ ಕಡೆಯವರಿಗೆ ಅರ್ಧರ್ಧ ಕೊಟ್ಟಿತು. ಏನು ಕೊಟ್ಟಿತು ಎಂಬುದು ತಿಳಿಯಬೇಕಾದರೆ ಮೊದಲು ಒಪ್ಪಂದವನ್ನು ನೋಡಬೇಕು.

ವಾಷಿಂಗ್ಟನ್ ಇನ್ನೂ ರಾಜ್ಯವಾಗದೆ ಕೇಂದ್ರಾಡಳಿತದ ಪ್ರಾಂತ್ಯವಾಗಿದ್ದಾಗ ಅದರ ಗವರ್ನರ್ ಆಗಿದ್ದ ಐಸಾಕ್ ಸ್ಟೀವನ್ಸ್, 1854ರ ಡಿಸೆಂಬರಿನಿಂದ ಕೆಲವೇ ತಿಂಗಳುಗಳಲ್ಲಿ ಒಂದರ ಹಿಂದೊಂದರಂತೆ ಒಪ್ಪಂದಗಳನ್ನು ಮಾಡಿಸಿದ. ಕ್ಯಾಸ್ಕೇಡ್ ಪರ್ವತಗಳ ಪಶ್ಚಿಮಕ್ಕೆ ಮೆಡಿಸಿನ್ ಕ್ರೀಕ್, ಪಾಯಿಂಟ್ ಎಲಿಯಟ್ ಮೊದಲಾದವು. ಪೂರ್ವಕ್ಕೆ 1855ರ ಮೇ–ಜೂನ್‌ನಲ್ಲಿ ವಾಲಾ ವಾಲಾ ಸಭೆಯಲ್ಲಿ ಯಾಕಮಾ (ನಿಮ್ಮ ಯಾಕಿಮಾ ಊರಿನ ಸುತ್ತಲಿನ ಬುಡಕಟ್ಟು), ಯುಮಟಿಲ್ಲಾ, ನೆಜ್ ಪರ್ಸ್ ಜನರೊಂದಿಗೆ ಆದವು. ಪಶ್ಚಿಮದ ಸಭೆಗಳಲ್ಲಿ ಒಪ್ಪಂದದ ಮಾತುಗಳನ್ನು ತಿಳಿಸಿದ್ದು ಚಿನೂಕ್ ಜಾರ್ಗನ್ ಎಂಬ ವ್ಯಾಪಾರದ ಬೆರಕೆ ನುಡಿಯಲ್ಲಿ. ಸಂತೆಯಲ್ಲಿ ಚೌಕಾಸಿ ಮಾಡುವುದಕ್ಕೆ ಸಾಕಾಗುವ ಕೆಲವೇ ನೂರು ಪದಗಳ ಆ ನುಡಿಯಲ್ಲಿ ಭೂಮಿಯ ಒಡೆತನವನ್ನು ಹೇಗೆ ವಿವರಿಸಿದ್ದಿರಬಹುದು ಎಂದು ನಾನು ಪಾಠ ಮಾಡುವಾಗಲೆಲ್ಲ ಯೋಚಿಸುತ್ತೇನೆ. ಈ ಕಾರಣಕ್ಕಾಗಿಯೇ ಅಮೆರಿಕದ ನ್ಯಾಯಾಲಯಗಳು, ಇಂಥ ಒಪ್ಪಂದದ ಪದಗಳನ್ನು ವಕೀಲರ ನಿಘಂಟಿನಂತಲ್ಲ, ಅಂದು ಸಹಿ ಹಾಕಿದ ಬುಡಕಟ್ಟಿನವರು ಅವನ್ನು ಹೇಗೆ ಅರ್ಥ ಮಾಡಿಕೊಂಡಿದ್ದರೋ ಹಾಗೆ ಓದಬೇಕು ಎಂಬ ನಿಯಮವನ್ನು ಬಹಳ ಹಿಂದೆಯೇ ಒಪ್ಪಿಕೊಂಡಿವೆ.

ಯಾಕಮಾ ಒಪ್ಪಂದದಲ್ಲಿ ಹದಿನಾಲ್ಕು ಬುಡಕಟ್ಟುಗಳು ಮತ್ತು ಗುಂಪುಗಳು ಒಂದು ಕೋಟಿ ಎಕರೆಗಿಂತಲೂ ಹೆಚ್ಚು ಭೂಮಿಯನ್ನು ಬಿಟ್ಟುಕೊಟ್ಟವು. ಹಾಗೆ ಬಿಡುವಾಗ ಕೆಲವನ್ನು ತಮ್ಮಲ್ಲೇ ಇಟ್ಟುಕೊಂಡವು: ವಾಡಿಕೆಯ ತಾಣಗಳಲ್ಲಿ ಮೀನು ಹಿಡಿಯುವ ಹಕ್ಕು, ಜೊತೆಗೆ ‘ತೆರೆದ ಮತ್ತು ಯಾರೂ ತಮ್ಮದೆಂದು ಮಾಡಿಕೊಳ್ಳದ ಭೂಮಿಯಲ್ಲಿ’ ಬೇಟೆಯಾಡುವ, ಗೆಡ್ಡೆಗೆಣಸು ಮತ್ತು ಹಣ್ಣು ಸಂಗ್ರಹಿಸುವ, ಕುದುರೆ ಮತ್ತು ದನ ಮೇಯಿಸುವ ಸವಲತ್ತು.

ನೀವು ‘ಸವಲತ್ತು’ ಎಂಬ ಪದ ಬಳಸಿದ್ದೀರಿ. ಒಪ್ಪಂದದಲ್ಲೂ ಬೇಟೆಗೆ ಇರುವುದು ಆ ಅರ್ಥದ ಪದವೇ, ಹಕ್ಕು ಎಂಬ ಪದ ಇರುವುದು ಮೀನಿಗೆ. ನಮ್ಮ ಉತ್ತರ ಕನ್ನಡದ ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ವ್ಯಾಜ್ಯಗಳನ್ನು ಕಂಡವರಿಗೆ ಹಕ್ಕು ಮತ್ತು ಸವಲತ್ತು ಎಂಬ ಎರಡು ಪದಗಳ ನಡುವೆ ಎಷ್ಟು ಅಂತರವಿರಬಲ್ಲದು ಎಂಬುದು ಗೊತ್ತಿರುತ್ತದೆ. ಆದರೆ ಇಲ್ಲಿ ನ್ಯಾಯಾಲಯಗಳು ಈ ಒಂದು ಪದವನ್ನು ಹಿಡಿದು ಬೇಟೆಯ ಹಕ್ಕನ್ನು ತಳ್ಳಿಹಾಕಲಿಲ್ಲ. ಕಾರಣ 1905ರ ‘ವಿನಾನ್ಸ್’ ತೀರ್ಪಿನಲ್ಲಿದೆ. ಒಪ್ಪಂದವು ಬುಡಕಟ್ಟಿನವರಿಗೆ ಸರ್ಕಾರ ಕೊಟ್ಟ ಹಕ್ಕುಗಳ ಪಟ್ಟಿಯಲ್ಲ. ಬುಡಕಟ್ಟಿನವರೇ ಸರ್ಕಾರಕ್ಕೆ ಕೊಟ್ಟ ಹಕ್ಕುಗಳ ಪಟ್ಟಿ, ಕೊಡದೆ ಉಳಿದದ್ದು ಅವರದೇ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಅಂದು ಹೇಳಿತು. ನಮ್ಮ ಊರಿನ ಕ್ರಯಪತ್ರಗಳಲ್ಲಿ ಇದು ಹೊಸದೇನಲ್ಲ. ಜಮೀನು ಮಾರುವವನು ಬಾವಿಯ ನೀರನ್ನೂ ಅಲ್ಲಿಗೆ ಹೋಗುವ ಕಾಲುದಾರಿಯನ್ನೂ ತನಗೆಂದು ಉಳಿಸಿಕೊಂಡು ಬರೆದುಕೊಟ್ಟಿದ್ದರೆ, ಕೊಂಡವನ ಮೊಮ್ಮಗ ಆ ನೀರನ್ನು ತಾನು ಕೊಟ್ಟ ದಾನವೆಂದು ಹೇಳಿಕೊಳ್ಳಲಾಗದು. ‘ಕೆಲವರಿಗೆ ಮಾತ್ರ ಏಕೆ’ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರವೂ ಇದೇ. ಇದು ಜನಾಂಗದ ಆಧಾರದ ಮೇಲೆ ಕೊಟ್ಟ ರಿಯಾಯಿತಿಯಲ್ಲ, ಕ್ರಯದ ಷರತ್ತು. ರಾಜ್ಯದ ಕೈಯಲ್ಲಿ ಇಂದು ಇರುವ ಭೂಮಿ ಆ ಷರತ್ತನ್ನು ಹೊತ್ತುಕೊಂಡೇ ಅದರ ಕೈಗೆ ಬಂದದ್ದು.

ಇನ್ನು ‘ತೆರೆದ ಮತ್ತು ಯಾರೂ ತಮ್ಮದೆಂದು ಮಾಡಿಕೊಳ್ಳದ ಭೂಮಿ’ ಎಂದರೆ ಯಾವುದು? ನೂಕ್‌ಸ್ಯಾಕ್ ಸದಸ್ಯರು ನೆಚ್ಚಿದ ಪಾಯಿಂಟ್ ಎಲಿಯಟ್ ಒಪ್ಪಂದದಲ್ಲೂ ಇದೇ ಮಾತಿದೆ. 1855ರಲ್ಲಿ ಇದಕ್ಕೆ ವಿವರಣೆ ಬೇಕಿರಲಿಲ್ಲ. ಬಿಳಿಯರ ಮನೆ, ಬೇಲಿ, ಉಳುಮೆ ಇಲ್ಲದ ಕಡೆಯೆಲ್ಲ ತೆರೆದ ಭೂಮಿಯೇ. ಇಂದು ಪ್ರತಿ ಗೇಣು ನೆಲಕ್ಕೂ ಯಾರೋ ಒಬ್ಬ ಒಡೆಯನಿದ್ದಾನೆ, ರಾಜ್ಯವೂ ಒಬ್ಬ ಒಡೆಯನೇ ಎಂಬುದು ರಾಜ್ಯದ ಕಡೆಯ ವಾದಕ್ಕೆ ಬಲ ಕೊಡುವ ಅಂಶ. ಬುಕ್ಯಾನನ್ ತೀರ್ಪು ಅದನ್ನು ಒಪ್ಪಲಿಲ್ಲ. ಸಾರ್ವಜನಿಕ ಒಡೆತನದಲ್ಲಿದ್ದು, ಬೇಟೆಗೆ ಹೊಂದದ ಬಳಕೆಗೆ ತೊಡಗಿಸಿರದ ನೆಲ ತೆರೆದ ನೆಲವೇ. ಓಕ್ ಕ್ರೀಕ್‌ನಲ್ಲಿ ಋತುವಿನಲ್ಲಿ ರಾಜ್ಯವೇ ಸಾರ್ವಜನಿಕರಿಗೆ ಬೇಟೆಗೆ ಬಿಡುತ್ತದೆ. ಹೀಗಿರುವಾಗ ಆ ಜಾಗ ಬೇಟೆಗೆ ಮುಚ್ಚಿದ ಜಾಗ ಎನ್ನುವುದು ನಿಲ್ಲುವ ಮಾತಲ್ಲ. ಇದು ಬುಡಕಟ್ಟಿನ ಪಾಲಿಗೆ ಬಂದ ಅರ್ಧ.

ರಾಜ್ಯಕ್ಕೆ ಸಿಕ್ಕ ಅರ್ಧ ಬೇರೆಯದು. ನೂಕ್‌ಸ್ಯಾಕ್ ಜನರ ನೆಲ ಕ್ಯಾಸ್ಕೇಡ್ ಪರ್ವತಗಳ ಪಶ್ಚಿಮದಲ್ಲಿ, ಕೆನಡಾ ಗಡಿಯ ಬಳಿ. ಓಕ್ ಕ್ರೀಕ್ ಇರುವುದು ಪರ್ವತದ ಈಚೆ, ಪೂರ್ವಕ್ಕೆ. ಒಪ್ಪಂದದ ಹಕ್ಕು ಇಡೀ ವಾಷಿಂಗ್ಟನ್ನಿಗೆ ಹರಡಿಲ್ಲ. ಅದು ಆ ಬುಡಕಟ್ಟು ಬಿಟ್ಟುಕೊಟ್ಟ ಪ್ರದೇಶಕ್ಕೆ, ಮತ್ತು ಅದರಾಚೆ ಅವರು ದೀರ್ಘಕಾಲ ಬೇಟೆಯಾಡುತ್ತ ಬಂದಿದ್ದರೆಂದು ಸಾಬೀತಾದ ನೆಲಕ್ಕೆ ಸೀಮಿತ ಎಂದು ನ್ಯಾಯಾಲಯ ಹೇಳಿ, ಆ ಅಂಶದ ವಿಚಾರಣೆಗಾಗಿ ಪ್ರಕರಣವನ್ನು ಹಿಂದಕ್ಕೆ ಕಳಿಸಿತು. ಆದ್ದರಿಂದ ನಿಮ್ಮೂರಿನ ಸುತ್ತ ಯಾಕಮಾ ಸದಸ್ಯರೊಬ್ಬರು ಬೇಟೆಯಾಡುವುದಕ್ಕೂ, ಪರ್ವತದಾಚೆಯ ಬುಡಕಟ್ಟಿನ ಸದಸ್ಯರು ಅಲ್ಲಿಗೆ ಬಂದು ಬೇಟೆಯಾಡುವುದಕ್ಕೂ ಕಾನೂನಿನಲ್ಲಿ ಬಹಳ ವ್ಯತ್ಯಾಸವಿದೆ. ನಿಮ್ಮ ಸಹೋದ್ಯೋಗಿ ‘ಬುಡಕಟ್ಟಿನವರು’ ಎಂದು ಒಟ್ಟಾಗಿ ಹೇಳಿದ್ದರಿಂದಲೇ ನಾನು ಪೂರ್ತಿ ನಿಜವಲ್ಲ ಎಂದದ್ದು.

ಪದಗಳು ಎಷ್ಟರ ಮಟ್ಟಿಗೆ ಫಲಿತಾಂಶವನ್ನು ಬದಲಾಯಿಸುತ್ತವೆ ಎಂಬುದಕ್ಕೆ ಪಕ್ಕದ ಐಡಾಹೋ ರಾಜ್ಯವನ್ನು ನೋಡಿ. ಅಲ್ಲಿನ ಶೊಶೋನಿ-ಬ್ಯಾನಾಕ್ ಜನರ 1868ರ ಫೋರ್ಟ್ ಬ್ರಿಡ್ಜರ್ ಒಪ್ಪಂದದಲ್ಲಿ ‘ತೆರೆದ ಭೂಮಿ’ ಎಂಬ ಮಾತಿಲ್ಲ. ಅಲ್ಲಿರುವುದು ‘ಸಂಯುಕ್ತ ಸಂಸ್ಥಾನಕ್ಕೆ ಸೇರಿದ, ಯಾರೂ ನೆಲೆಗೊಂಡಿರದ ಭೂಮಿ’. ಐಡಾಹೋ ರಾಜ್ಯವು ಸ್ಯಾಂಡ್ ಕ್ರೀಕ್ ಎಂಬಲ್ಲಿ ತಾನು ನಡೆಸುವ ವನ್ಯಜೀವಿ ಪ್ರದೇಶದಲ್ಲಿ ಬೇಟೆಯಾಡಿದ ಆ ಬುಡಕಟ್ಟಿನವರ ಮೇಲೆ ಪ್ರಕರಣ ಹೂಡಿದಾಗ, 1985ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ, ರಾಜ್ಯದ ಒಡೆತನದ ನೆಲ ಸಂಯುಕ್ತ ಸಂಸ್ಥಾನದ ನೆಲವಲ್ಲ, ಆದ್ದರಿಂದ ಒಪ್ಪಂದದ ಹಕ್ಕು ಅಲ್ಲಿಗೆ ತಲುಪುವುದಿಲ್ಲ ಎಂದಿತು. ಎರಡೂ ಕಡೆ ಅದೇ ಎಲ್ಕ್, ಅದೇ ಬಗೆಯ ರಾಜ್ಯದ ವನ್ಯಜೀವಿ ಪ್ರದೇಶ. ಹದಿಮೂರು ವರ್ಷಗಳ ಅಂತರದಲ್ಲಿ ಬರೆದ ಎರಡು ಒಪ್ಪಂದಗಳ ಕೆಲವು ಪದಗಳು ಬೇರೆಯಾದ್ದರಿಂದ ಫಲಿತಾಂಶ ತಿರುವುಮುರುವಾಯಿತು. ಐಡಾಹೋ ತೀರ್ಪು ಪದಗಳಿಗೆ ನಿಷ್ಠವಾಗಿದೆಯಾದರೂ ನನಗೆ ಅದು ಇಕ್ಕಟ್ಟಿನ ಓದಾಗಿ ಕಾಣುತ್ತದೆ. 1868ರಲ್ಲಿ ಐಡಾಹೋ ಎಂಬ ರಾಜ್ಯವೇ ಇರಲಿಲ್ಲ. ಮುಂದೆ ಹುಟ್ಟಲಿರುವ ರಾಜ್ಯವೊಂದು ಕೇಂದ್ರದಿಂದ ಬೇರೆಯಾದ ಒಡೆಯನಾಗಿ ನೆಲ ಹಿಡಿಯುತ್ತದೆ ಎಂಬ ಸೂಕ್ಷ್ಮವನ್ನು ಅಂದು ಸಹಿ ಹಾಕಿದವರು ಊಹಿಸಿದ್ದರೆಂದು ಹೇಳುವುದು ಕಷ್ಟ.

ರಾಜ್ಯವಾದ ಮೇಲೆ ಹಳೆಯ ಹಕ್ಕು ತಾನಾಗಿ ಅಳಿಯಿತು ಎಂಬ ವಾದವೂ ಬಹುಕಾಲ ನಡೆಯಿತು. 1896ರ ‘ರೇಸ್ ಹಾರ್ಸ್’ ತೀರ್ಪಿನಲ್ಲಿ, ವಯೋಮಿಂಗ್‌ನಲ್ಲಿ ಏಳು ಎಲ್ಕ್ ಹೊಡೆದ ಬ್ಯಾನಾಕ್ ಬೇಟೆಗಾರನ ವಿರುದ್ಧ ಸುಪ್ರೀಂ ಕೋರ್ಟ್ ಹೀಗೆಯೇ ಹೇಳಿತ್ತು: ಹೊಸ ರಾಜ್ಯವು ಹಳೆಯ ರಾಜ್ಯಗಳಿಗೆ ಸಮನಾಗಿ ಒಕ್ಕೂಟಕ್ಕೆ ಸೇರಿದ್ದರಿಂದ ತನ್ನ ವನ್ಯಪ್ರಾಣಿಗಳ ಮೇಲಿನ ಅಧಿಕಾರ ಅದಕ್ಕೆ ಪೂರ್ತಿ ಬಂತು. ಇದು ಬೀಳಲು ನೂರು ವರ್ಷಗಳಿಗೂ ಹೆಚ್ಚು ಬೇಕಾಯಿತು. ಮೊದಲು 1999ರಲ್ಲಿ ಮಿನ್ನೆಸೋಟಾ ರಾಜ್ಯದ ಮಿಲ್ ಲ್ಯಾಕ್ಸ್ ಬುಡಕಟ್ಟಿನ ಪ್ರಕರಣದಲ್ಲಿ ಅದರ ಬುಡ ಅಲುಗಾಡಿತು. ಬಳಿಕ 2019ರ ‘ಹೆರೆರಾ ವಿರುದ್ಧ ವಯೋಮಿಂಗ್’ ಪ್ರಕರಣದಲ್ಲಿ ಐದಕ್ಕೆ ನಾಲ್ಕು ಮತಗಳಿಂದ ಅದು ಉರುಳಿತು. ಮೊಂಟಾನದ ಕ್ರೋ ಬುಡಕಟ್ಟಿನ ಮೀಸಲು ಪ್ರದೇಶದಿಂದ ಎಲ್ಕ್‌ಗಳ ಬೆನ್ನುಹತ್ತಿ ವಯೋಮಿಂಗ್‌ನ ಬಿಗ್‌ಹಾರ್ನ್ ರಾಷ್ಟ್ರೀಯ ಅರಣ್ಯದೊಳಕ್ಕೆ 2014ರಲ್ಲಿ ಹೋದವರ ಪ್ರಕರಣವದು. ವಯೋಮಿಂಗ್ ರಾಜ್ಯವಾದದ್ದರಿಂದ ಕ್ರೋ ಜನರ 1868ರ ಹಕ್ಕು ಅಳಿದಿಲ್ಲ, ಸರ್ಕಾರ ಅರಣ್ಯವೆಂದು ಘೋಷಿಸಿದ ಮಾತ್ರಕ್ಕೆ ಇಡೀ ಕಾಡು ‘ನೆಲೆಗೊಂಡ’ ಭೂಮಿಯಾಗುವುದಿಲ್ಲ ಎಂದು ನ್ಯಾಯಮೂರ್ತಿ ಸೊಟೊಮಯೊರ್ ಬರೆದರು. ಆದರೆ ಕಾಡಿನೊಳಗಿನ ನಿರ್ದಿಷ್ಟ ತಾಣಗಳು ನೆಲೆಗೊಂಡವು ಎಂದು ತೋರಿಸುವ, ಸಂರಕ್ಷಣೆಗೆ ಅಗತ್ಯವಾದ ಕಟ್ಟುಪಾಡನ್ನು ಸಮರ್ಥಿಸಿಕೊಳ್ಳುವ ಎರಡು ಬಾಗಿಲುಗಳನ್ನು ರಾಜ್ಯಕ್ಕೆ ತೆರೆದಿಟ್ಟರು. ಬಿಗ್‌ಹಾರ್ನ್ ಕೇಂದ್ರದ ಕಾಡು, ರಾಜ್ಯದ್ದಲ್ಲ ಎಂಬುದನ್ನು ಮರೆಯಬಾರದು. ಆ ತೀರ್ಪನ್ನು ಓಕ್ ಕ್ರೀಕ್‌ನಂಥ ಜಾಗಕ್ಕೆ ನೇರವಾಗಿ ಅಂಟಿಸುವವರನ್ನು ನಾನು ನೋಡಿದ್ದೇನೆ, ಅದು ಸರಿಯಲ್ಲ.

ಪರವಾನಗಿಯ ವಿಷಯ ಸರಳ. ಒಪ್ಪಂದದ ಹಕ್ಕನ್ನು ಚಲಾಯಿಸುವವರಿಂದ ರಾಜ್ಯ ಲೈಸೆನ್ಸ್ ಶುಲ್ಕ ಕೇಳುವಂತಿಲ್ಲ ಎಂಬುದು ಮೀನುಗಾರಿಕೆಯ ಮಟ್ಟಿಗೆ 1942ರಲ್ಲೇ, ಯಾಕಮಾ ಸದಸ್ಯರೊಬ್ಬರ ‘ಟುಲೀ’ ಪ್ರಕರಣದಲ್ಲಿ ತೀರ್ಮಾನವಾಗಿದೆ. ಆದರೆ ಇದರ ಅರ್ಥ ಕಟ್ಟುಪಾಡೇ ಇಲ್ಲ ಎಂದಲ್ಲ. ಬುಡಕಟ್ಟುಗಳು ತಮ್ಮದೇ ಋತು, ಟ್ಯಾಗ್ (ಹೊಡೆದ ಪ್ರಾಣಿಗೆ ಕಟ್ಟುವ ಚೀಟಿ), ಮಿತಿಗಳನ್ನು ನಿಗದಿಪಡಿಸುತ್ತವೆ. ತಮ್ಮದೇ ಗಸ್ತು ಅಧಿಕಾರಿಗಳನ್ನು ಇಟ್ಟುಕೊಂಡಿವೆ. ತಪ್ಪಿದ ಸದಸ್ಯರನ್ನು ತಮ್ಮ ನ್ಯಾಯಾಲಯಕ್ಕೆ ಎಳೆಯುತ್ತವೆ. ರಾಜ್ಯವು ಒಪ್ಪಂದದ ಬೇಟೆಗಾರನನ್ನು ನಿರ್ಬಂಧಿಸಬೇಕಾದರೆ, ಆ ನಿರ್ಬಂಧ ಪ್ರಾಣಿಗಳ ಉಳಿವಿಗೆ ನಿಜಕ್ಕೂ ಅಗತ್ಯ ಎಂದು ತಾನೇ ತೋರಿಸಬೇಕು. ಎರಡೂ ಕಡೆಯವರು ಕೂಡಿ ಕೆಲಸ ಮಾಡಿದಾಗ ಏನಾಗುತ್ತದೆ ಎಂಬುದಕ್ಕೆ ವಾಯವ್ಯ ವಾಷಿಂಗ್ಟನ್ನಿನ ನೂಕ್‌ಸ್ಯಾಕ್ ಎಲ್ಕ್ ಹಿಂಡು ಉದಾಹರಣೆ. ಅದು ಸುಮಾರು ಮುನ್ನೂರಕ್ಕೆ ಕುಸಿದಾಗ ಬುಡಕಟ್ಟುಗಳೂ ರಾಜ್ಯವೂ ಬೇಟೆಯನ್ನು ನಿಲ್ಲಿಸಿದವು, ಮೌಂಟ್ ಸೇಂಟ್ ಹೆಲೆನ್ಸ್ ಕಡೆಯಿಂದ ಸುಮಾರು ನೂರು ಎಲ್ಕ್‌ಗಳನ್ನು ಹಿಡಿದು ಸಾಗಿಸಿ ಅಲ್ಲಿ ಬಿಟ್ಟವು, ಹಿಂಡು ಚೇತರಿಸಿಕೊಂಡ ಮೇಲೆಯೇ ಮಿತವಾದ ಬೇಟೆಯನ್ನು ಮತ್ತೆ ಆರಂಭಿಸಿದವು.

ಗೇಟಿನ ಪ್ರಶ್ನೆಗೆ ಬರುತ್ತೇನೆ. ನಾನು ಇದನ್ನು ಇಡೀ ವಿಷಯದ ಕಷ್ಟದ ಭಾಗವೆಂದು ಭಾವಿಸುತ್ತೇನೆ, ಏಕೆಂದರೆ ಬೇಟೆಯ ಹಕ್ಕು ಕಾಗದದಲ್ಲಿದ್ದು ಬೇಟೆಯ ನೆಲಕ್ಕೆ ಹೋಗುವ ದಾರಿಗೆ ಬೀಗ ಬಿದ್ದಿದ್ದರೆ ಆ ಹಕ್ಕಿನಿಂದ ಒಲೆ ಹೊತ್ತುವುದಿಲ್ಲ. ವಿನಾನ್ಸ್ ಪ್ರಕರಣ ಹುಟ್ಟಿದ್ದೇ ಇಲ್ಲಿಂದ. ಕೊಲಂಬಿಯಾ ನದಿಯ ದಡದ ಜಮೀನು ಕೊಂಡು ಮೀನು ಹಿಡಿಯುವ ಚಕ್ರಯಂತ್ರ ಹೂಡಿದವರು ಯಾಕಮಾ ಜನರನ್ನು ತಮ್ಮ ನೆಲದ ಮೇಲೆ ಕಾಲಿಡಲು ಬಿಡಲಿಲ್ಲ. ನದಿಗೆ ಇಳಿಯುವ ದಾರಿಯೂ ಹಕ್ಕಿನೊಳಗೇ ಸೇರಿದೆ, ಖಾಸಗಿ ಒಡೆಯನೂ ಅದನ್ನು ತಡೆಯುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಆದರೆ ಮೀನಿನ ತಾಣ ಗೊತ್ತಾದ ಒಂದು ಜಾಗ, ಬೇಟೆ ಹಾಗಲ್ಲ. ‘ತೆರೆದ’ ಎಂಬ ವಿಶೇಷಣವೇ ಬೇಟೆಯನ್ನು ಖಾಸಗಿ ನೆಲದಿಂದ ಹೊರಗಿಡುತ್ತದೆ. ಹೀಗಾಗಿ ಖಾಸಗಿ ತೋಟ, ಹೊಲಗಳನ್ನು ದಾಟಿ ಹೋಗುವ ಹಕ್ಕನ್ನು ವಿನಾನ್ಸ್‌ನಿಂದ ಎಳೆದು ತರುವುದು ಸುಲಭವಲ್ಲ. ರಾಜ್ಯದ್ದೇ ಗೇಟು ಎಂದಾದರೆ ಲೆಕ್ಕ ಬೇರೆ. ಚಳಿಗಾಲದಲ್ಲಿ ಸೊರಗಿದ ಎಲ್ಕ್‌ಗಳು ಬೆದರದಿರಲೆಂದು ಓಕ್ ಕ್ರೀಕ್‌ನ ರಸ್ತೆಗಳನ್ನು ಎಲ್ಲರಿಗೂ ಮುಚ್ಚುವುದನ್ನು ರಾಜ್ಯ ಸಂರಕ್ಷಣೆಯ ಹೆಸರಿನಲ್ಲಿ ಸಮರ್ಥಿಸಿಕೊಳ್ಳಬಹುದು. ಬರೀ ಆಡಳಿತದ ಅನುಕೂಲಕ್ಕೆ ಹಾಕಿದ ಬೀಗವನ್ನು ಅಷ್ಟು ಸುಲಭವಾಗಿ ಸಮರ್ಥಿಸಲಾಗದು ಎಂಬುದು ನನ್ನ ಅಭಿಪ್ರಾಯ.

ನೆಲದ ಸ್ವರೂಪ ಬದಲಾದಾಗ ಹಕ್ಕೂ ಹಿಗ್ಗುತ್ತದೆ, ಕುಗ್ಗುತ್ತದೆ. ರಾಜ್ಯ ತನ್ನ ಶಾಲಾ ನಿಧಿಯ ಭೂಮಿಯನ್ನು ಸೇಬಿನ ತೋಟಕ್ಕೆ ಗುತ್ತಿಗೆ ಕೊಟ್ಟರೆ ಅದನ್ನು ತೆರೆದ ನೆಲವೆಂದು ವಾದಿಸುವುದು ಕಷ್ಟ. ಮಾರಿದರೆ ಕಥೆ ಮುಗಿದಂತೆ. 2013ರಲ್ಲಿ ರಾಜ್ಯವು ಟಿಯಾನವೇ ಎಂಬಲ್ಲಿ ಐವತ್ತು ಸಾವಿರ ಎಕರೆಗೂ ಹೆಚ್ಚು ಖಾಸಗಿ ಕಾಡನ್ನು ಕೊಂಡು ಸಮುದಾಯ ಅರಣ್ಯವನ್ನಾಗಿ ಮಾಡಿದಾಗ, ಬುಕ್ಯಾನನ್ ತರ್ಕದ ಪ್ರಕಾರ, ಹಿಂದೆ ಮುಚ್ಚಿದ್ದ ನೆಲ ಮತ್ತೆ ತೆರೆಯಿತು. ಸಾರ್ವಜನಿಕ ನೆಲವೆಲ್ಲ ತೆರೆದ ನೆಲವಲ್ಲ ಎಂಬುದನ್ನೂ ಸೇರಿಸಬೇಕು: ಒಲಿಂಪಿಕ್ ರಾಷ್ಟ್ರೀಯ ಉದ್ಯಾನದಲ್ಲಿ ಕ್ವಿನಾಲ್ಟ್ ಜನರ ಬೇಟೆಯ ಹಕ್ಕನ್ನು 1984ರಲ್ಲಿ ನ್ಯಾಯಾಲಯ ಒಪ್ಪಲಿಲ್ಲ. ಪ್ರಾಣಿಗಳಿಗೆ ಪೂರ್ಣ ಅಭಯವಿರುವ ಉದ್ಯಾನ ಬೇಟೆಗೆ ಹೊಂದದ ಬಳಕೆ ಎಂಬುದು ಅದರ ನಿಲುವು. ಇಷ್ಟೆಲ್ಲ ಹೇಳಿದ ಮೇಲೂ, ಮೊಕದ್ದಮೆಗಿಂತ ಮಾತುಕತೆಯಿಂದ ಸಾಧ್ಯವಾದದ್ದು ಕೆಲವೊಮ್ಮೆ ಗಟ್ಟಿಯಾಗಿ ನಿಂತಿದೆ. 1932ರಲ್ಲಿ ಯಾಕಮಾ ನಾಯಕ ವಿಲಿಯಂ ಯಾಲಪ್ ಮತ್ತು ಕೇಂದ್ರದ ಅರಣ್ಯಾಧಿಕಾರಿ ಕೈಕುಲುಕಿ ಮಾಡಿಕೊಂಡ ಒಪ್ಪಂದದಂತೆ, ಗಿಫರ್ಡ್ ಪಿಂಚಾಟ್ ಕಾಡಿನ ಹಕಲ್‌ಬೆರಿ ಹಣ್ಣಿನ ಬಯಲೊಂದರ ಭಾಗ ಇಂದಿಗೂ ಬುಡಕಟ್ಟಿನವರಿಗೇ ಮೀಸಲು. ಅದು ಹಣ್ಣಿನ ಮಾತು, ಬೇಟೆಯದ್ದಲ್ಲ. ಆದರೆ ಎರಡೂ ಒಪ್ಪಂದದ ಒಂದೇ ವಾಕ್ಯದಲ್ಲಿವೆ.

ಜೇನುಕುರುಬರ ಬಗ್ಗೆ ಕೇಳಿದ್ದೀರಿ. ಭಾರತದಲ್ಲಿ ಇಂಥ ಕ್ರಯಪತ್ರವೇ ಇಲ್ಲ. ನಾಗರಹೊಳೆ ಮೈಸೂರು ಅರಸರ ಬೇಟೆಯ ಕಾಡಾಗಿತ್ತು. ಅಲ್ಲಿ ಬಹುಕಾಲದಿಂದ ಬಾಳಿದವರೊಂದಿಗೆ ಅರಸರಾಗಲಿ, ಬ್ರಿಟಿಷರಾಗಲಿ ಭೂಮಿ ಕೇಳಿ ಕರಾರು ಮಾಡಿಕೊಳ್ಳಲಿಲ್ಲ. ಅವರಿಗೆ ಈಗ ಇರುವ ಹಕ್ಕುಗಳಿಗೆ ಮುಖ್ಯ ಆಧಾರ 2006ರ ಅರಣ್ಯ ಹಕ್ಕು ಕಾಯ್ದೆ. ಐತಿಹಾಸಿಕ ಅನ್ಯಾಯವನ್ನು ಸರಿಪಡಿಸಲು ಎಂದು ಪೀಠಿಕೆಯಲ್ಲೇ ಹೇಳಿಕೊಂಡ ಆ ಕಾಯ್ದೆಯು ವಾಸ, ಸಾಗುವಳಿ, ಕಿರು ಅರಣ್ಯ ಉತ್ಪನ್ನ, ಮೇವು ಮೊದಲಾದ ಹಕ್ಕುಗಳನ್ನು ಎಣಿಸಿ, ಕೊನೆಗೆ ವಾಡಿಕೆಯ ಇತರ ಹಕ್ಕುಗಳನ್ನೂ ಸೇರಿಸುವಾಗ, ಬೇಟೆಯಾಡುವ ಮತ್ತು ಬಲೆಯೊಡ್ಡುವ ಸಾಂಪ್ರದಾಯಿಕ ಹಕ್ಕನ್ನು ಹೆಸರು ಹೇಳಿ ಹೊರಗಿಟ್ಟಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಹುಲಿ ಮೀಸಲಿನೊಳಗೇ ಸಮುದಾಯ ಹಕ್ಕುಗಳು ಸಿಕ್ಕವು. ಜೇನು, ನೆಲ್ಲಿ ಅದರಲ್ಲಿವೆ, ಬೇಟೆ ಇಲ್ಲ. ಕೊಡವರಿಗೆ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇರುವುದನ್ನು ಕೆಲವರು ಬೇಟೆಯ ಹಕ್ಕೆಂದು ತಪ್ಪು ತಿಳಿಯುತ್ತಾರೆ. ಕೋವಿ ಇಟ್ಟುಕೊಳ್ಳಬಹುದು, ಕಾಡುಹಂದಿಗೆ ಗುರಿಯಿಡಲು ಅದು ಅನುಮತಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬುಡಕಟ್ಟಿನ ಬೇಟೆಯ ಹಕ್ಕನ್ನು ಹೆಸರಿಸಿ ಉಳಿಸಿರುವುದು ನಿಕೋಬಾರ್ ದ್ವೀಪಗಳ ಪರಿಶಿಷ್ಟ ಬುಡಕಟ್ಟುಗಳಿಗೆ, ಅದರ 65ನೇ ಕಲಮಿನಲ್ಲಿ. ಮತ್ತೊಂದು ವ್ಯತ್ಯಾಸವೂ ಇದೆ: ಅಮೆರಿಕದಲ್ಲಿ ಒಪ್ಪಂದ ಸಂವಿಧಾನದ ಪ್ರಕಾರ ರಾಜ್ಯದ ಕಾನೂನಿಗಿಂತ ಮೇಲಿನದು, ಅದನ್ನು ಕೇಂದ್ರದ ಶಾಸಕಾಂಗ ಮಾತ್ರ, ಅದೂ ಸ್ಪಷ್ಟ ಉದ್ದೇಶದಿಂದ, ರದ್ದು ಮಾಡಬಹುದು. ನಮ್ಮಲ್ಲಿ ಕಾಯ್ದೆ ಕೊಟ್ಟದ್ದನ್ನು ಇನ್ನೊಂದು ಕಾಯ್ದೆ ತಿದ್ದಬಹುದು.

ಕೊನೆಯದಾಗಿ, ನೀವು ಕೇಳದಿದ್ದರೂ ನಿಮಗೆ ಬೇಕಾಗಬಹುದಾದ ಒಂದು ಮಾತು. ಋತುವಲ್ಲದ ಕಾಲದಲ್ಲಿ ರಾಜ್ಯದ ಜಾಗದಲ್ಲಿ ಯಾರಾದರೂ ಬೇಟೆಯಾಡುತ್ತಿರುವುದು ಕಂಡರೆ ನೀವಾಗಿ ಹೋಗಿ ವಿಚಾರಿಸಬೇಡಿ. ಕಳ್ಳಬೇಟೆ ಎಂದು ತೀರ್ಮಾನಿಸಲೂ ಬೇಡಿ. ಅನುಮಾನವಿದ್ದರೆ ವನ್ಯಜೀವಿ ಇಲಾಖೆಯ ಅಧಿಕಾರಿಗಳಿಗೆ ತಿಳಿಸಿ. ಯಾವ ಬುಡಕಟ್ಟಿನ ಗುರುತಿನ ಚೀಟಿ, ಬುಡಕಟ್ಟಿನ ಟ್ಯಾಗ್ ಇದೆಯೇ, ಪ್ರಾಣಿ ಬಿದ್ದದ್ದು ಎಲ್ಲಿ ಎಂದು ಅವರು ನೋಡುತ್ತಾರೆ. ನೀವು ಹೇಳಬಹುದಾದ ಸಂಗತಿಗಳಲ್ಲಿ ಅವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಸ್ಥಳ. ಬೇಲಿಯ ಯಾವ ಬದಿ, ಯಾವ ರಸ್ತೆಯ ಎಷ್ಟನೇ ಮೈಲಿ ಎಂಬುದನ್ನು ಗುರುತು ಹಾಕಿಕೊಂಡಿರಿ.